ಸೀತಾ ಅಂದರೆ ನೇಗಿಲ ಸಾಲು

ವಿರಾಜಪೇಟೆಯಿಂದ ಕೇಳಿದ್ದೀರಿ: ಮಗಳಿಗೆ ಅಜ್ಜಿಯ ಹೆಸರು ಸೀತಾ ಅಂತ ಇಡಬೇಕು, ರಾಮಾಯಣ ಬಿಟ್ಟು ಅದಕ್ಕೆ ಬೇರೆ ಅರ್ಥ ಇದೆಯಾ ಅಂತ. ಇದೆ. ಸಂಸ್ಕೃತದಲ್ಲಿ ಸೀತಾ ಅಂದರೆ ನೇಗಿಲು ಎಳೆದ ಸಾಲು. ಜನಕ ನೆಲ ಉಳುವಾಗ ಸಿಕ್ಕ ಮಗು, ಅದಕ್ಕೇ ಆ ಹೆಸರು. ಆದರೆ ಪದ ಇನ್ನೂ ಹಳೆಯದು. ಋಗ್ವೇದದ 4ನೇ ಮಂಡಲದ 57ನೇ ಸೂಕ್ತ ಪೂರ್ತಿ ಬೇಸಾಯದ್ದೇ: ಎತ್ತು, ನೇಗಿಲು, ಮಳೆ. ಅಲ್ಲಿ ಉಳುಮೆಯ ಸಾಲನ್ನೇ ‘ಸೀತೇ’ ಅಂತ ಕರೆದು, ಕೈಮುಗಿದು, ಒಳ್ಳೆ ಫಲ ಕೊಡು ಅಂತ ಬೇಡುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಹೊಲ ನೋಡಿಕೊಳ್ಳುವ ಅಧಿಕಾರಿಯೇ ಸೀತಾಧ್ಯಕ್ಷ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ಕೊಯ್ದು ‘ಪೊಲಿ ಪೊಲಿ ದೇವಾ’ ಅಂತ ಕೂಗುವ ಮನೆಗೆ ಚೆನ್ನಾಗಿ ಒಪ್ಪುತ್ತೆ, ಅಲ್ವಾ? ಹಳೇ ಕಾಲದ ಹೆಸರು ಅಂತ ಯಾರಾದರೂ ಮೂಗು ಮುರಿದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಇಟ್ಟುಬಿಡಿ.