ಅಪ್ಪನ ಮುಖ ಸ್ಪಷ್ಟ, ಅಮ್ಮನ ಮುಖ ಮಸುಕು: ದೋಷ ಲೆನ್ಸಿನದೇ?

ತಂದೆಯವರ ಷಷ್ಟ್ಯಬ್ದಿಯ ದಿನ ಹೊಸ 50 ಎಂಎಂ ಲೆನ್ಸಿನಲ್ಲಿ, ಎಫ್ 1.8 ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಅದು ಅಗಲ) ಇಟ್ಟು ತೆಗೆದ ಚಿತ್ರದಲ್ಲಿ ಅವರ ಮುಖ ಸ್ಪಷ್ಟವಾಗಿ ಬಂದು, ಒಂದು ಹೆಜ್ಜೆ ಹಿಂದೆ ನಿಂತಿದ್ದ ತಾಯಿಯವರ ಮುಖ ಮಸುಕಾಗಿದೆ, ಲೆನ್ಸನ್ನು ಅಂಗಡಿಗೆ ಹಿಂದಿರುಗಿಸಬೇಕೇ ಎಂದು ಕೇಳಿದ್ದೀರಿ. ಹಿಂದಿರುಗಿಸಬೇಡಿ; ಲೆನ್ಸ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಇಲ್ಲಿ ಮುಂಬಯಿಯ ಮಾಟುಂಗದಲ್ಲಿ, ಹೂವಿನ ಅಂಗಡಿಗಳ ಮುಂದೆ, ನಾನೂ ಇದೇ ರೀತಿ ಮೋಸಹೋಗಿದ್ದೆ. ಮಲ್ಲಿಗೆಯನ್ನು ಮೊಳ ಹಾಕುತ್ತಿದ್ದ ಅಜ್ಜಿಯ ಕೈ, ಹೂವು, ಮುಖ ಮೂರೂ ಬೇಕೆಂದು ಒಂದು ಮೀಟರ್ ದೂರದಿಂದ ಹತ್ತಾರು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲದರಲ್ಲಿಯೂ ಹೂವು ಮಾತ್ರ ಸ್ಪಷ್ಟವಾಗಿತ್ತು.

ಲೆನ್ಸ್ ಕರಾರುವಾಕ್ಕಾಗಿ ಫೋಕಸ್ ಮಾಡುವುದು ಒಂದೇ ಒಂದು ದೂರಕ್ಕೆ. ಅದಕ್ಕಿಂತ ಮುಂದೆ ಅಥವಾ ಹಿಂದೆ ಇರುವ ಪ್ರತಿಯೊಂದು ಬಿಂದುವೂ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಸಣ್ಣ ಬಿಲ್ಲೆಯಾಗಿ ಹರಡಿಕೊಳ್ಳುತ್ತದೆ. ಆ ಬಿಲ್ಲೆ ನಮ್ಮ ಕಣ್ಣಿಗೆ ಇನ್ನೂ ಬಿಂದುವಿನಂತೆಯೇ ಕಾಣುವಷ್ಟು ಚಿಕ್ಕದಾಗಿರುವವರೆಗಿನ ವ್ಯಾಪ್ತಿಯನ್ನೇ ಡೆಪ್ತ್ ಆಫ್ ಫೀಲ್ಡ್, ಅಂದರೆ ಸ್ಪಷ್ಟತೆಯ ಆಳ ಎನ್ನುತ್ತಾರೆ. ಆದ್ದರಿಂದ ಅದಕ್ಕೆ ಗೋಡೆಯಂಥ ಗಡಿಯಿಲ್ಲ, ಸ್ಪಷ್ಟತೆ ಮೆಲ್ಲಗೆ ಕರಗುತ್ತಾ ಹೋಗುತ್ತದೆ. 50 ಎಂಎಂ ಲೆನ್ಸಿನ ಅಪರ್ಚರ್ ಎಫ್ 1.8ರಲ್ಲಿ ಸುಮಾರು 28 ಮಿಲಿಮೀಟರ್ ಅಗಲ, ಎಫ್ 8ರಲ್ಲಿ ಕೇವಲ 6. ಕಿಂಡಿ ಅಗಲವಾದಷ್ಟೂ ಆ ಬಿಲ್ಲೆ ಬೇಗ ದೊಡ್ಡದಾಗುತ್ತದೆ.

ಆರಂಭದಲ್ಲಿ ಎಲ್ಲರೂ ಅಪರ್ಚರನ್ನಷ್ಟೇ ನೆನಪಿಡುತ್ತಾರೆ, ದೂರವನ್ನು ಮರೆಯುತ್ತಾರೆ. ನಿಮ್ಮದು ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಅಳತೆಯ) ಸೆನ್ಸರಿನ ಕ್ಯಾಮೆರಾ ಎಂದುಕೊಂಡು ಲೆಕ್ಕ ಹಾಕಿದರೆ, ಎರಡು ಮೀಟರ್ ದೂರದಲ್ಲಿ ಎಫ್ 1.8ಕ್ಕೆ ಸಿಗುವ ಆಳ ಸುಮಾರು 11 ಸೆಂಟಿಮೀಟರ್, ಅಂದರೆ ಅರ್ಧ ಗೇಣು. ತಾಯಿಯವರು ಅದರಾಚೆ ನಿಂತಿದ್ದರು. ಅದೇ ಜಾಗದಿಂದ ಎಫ್ 8 ಇಟ್ಟಿದ್ದರೆ ಸುಮಾರು 49 ಸೆಂಟಿಮೀಟರ್, ಹೆಚ್ಚುಕಡಿಮೆ ಹೂವಿನ ಒಂದು ಮೊಳ ಸಿಗುತ್ತಿತ್ತು. ಆದರೆ ಅಪರ್ಚರನ್ನು ಮುಟ್ಟದೆ ನೀವೇ ನಾಲ್ಕು ಮೀಟರಿಗೆ ಹಿಂದೆ ಸರಿದಿದ್ದರೂ ಸುಮಾರು 44 ಸೆಂಟಿಮೀಟರ್ ಸಿಗುತ್ತಿತ್ತು, ಏಕೆಂದರೆ ದೂರ ಇಮ್ಮಡಿಯಾದರೆ ಆಳ ಸರಿಸುಮಾರು ನಾಲ್ಕು ಪಟ್ಟಾಗುತ್ತದೆ. ಒಂದು ಮೀಟರ್ ದೂರದಲ್ಲಿದ್ದ ನನಗೆ ದಕ್ಕಿದ್ದು ಮೂರು ಸೆಂಟಿಮೀಟರಿಗೂ ಕಡಿಮೆ. ಅಜ್ಜಿಯ ಮುಖ ಎಲ್ಲಿಂದ ಬರಬೇಕು!

ಎಫ್ 8ಕ್ಕೆ ತೆರಬೇಕಾದ ಬೆಲೆಯೂ ಇದೆ. ಬೆಳಕು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಇಳಿಯುವುದರಿಂದ, ಮಂಟಪದ ಮಂದ ಬೆಳಕಿನಲ್ಲಿ ಶಟರ್ ನಿಧಾನವಾಗಿ ಅಕ್ಷತೆ ಹಾಕುವ ಕೈಗಳೆಲ್ಲ ಎಳೆದಂತೆ ಬರುತ್ತವೆ; ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, ಏರಿಸಿದರೆ ಚಿತ್ರದಲ್ಲಿ ಕಾಳುಕಾಳು ಕಾಣಿಸುತ್ತದೆ. ನಾನಾಗಿದ್ದರೆ ಎಫ್ 4 ಇಟ್ಟುಕೊಂಡು, ಮೂರು ನಾಲ್ಕು ಮೀಟರ್ ಹಿಂದೆ ನಿಂತು, ಅಮ್ಮನವರನ್ನು ಒಂದು ಹೆಜ್ಜೆ ಮುಂದೆ, ಅಪ್ಪನವರ ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸುತ್ತಿದ್ದೆ.