ರೂತ್ ರೆಂಡೆಲ್ ಕಾದಂಬರಿಗಳ ಬಗ್ಗೆ ಓದುಗರ ಅಭಿಪ್ರಾಯ ಇಷ್ಟೊಂದು ಬೇರೆ ಬೇರೆ ಯಾಕೆ? ತುಂಬಾ ಡಾರ್ಕ್ ಅಂತಾರೆ, ಓದಬಹುದಾ?

ಇಂಗ್ಲೆಂಡಿನ ಅಪರಾಧ ಕಾದಂಬರಿಗಾರ್ತಿ ರೆಂಡೆಲ್ ಪುಸ್ತಕಕ್ಕೆ ಒಬ್ಬರು ಐದು ಸ್ಟಾರ್ ಕೊಡುತ್ತಾರೆ. ಇನ್ನೊಬ್ಬರು ಕೊಲೆ ಮಾಡಿದ್ದು ಯಾರು ಅಂತ ಮೊದಲೇ ಹೇಳಿಬಿಟ್ಟಿದ್ದಾರೆ, ಮತ್ತೆ ಓದೋದೇನು ಅಂತ ಬಯ್ಯುತ್ತಾರೆ. ಮತ್ತೊಬ್ಬರಿಗೆ ಒಂದು ಒಳ್ಳೇ ಪಾತ್ರವೂ ಸಿಗುವುದಿಲ್ಲ. ಇವರಲ್ಲಿ ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ನಾನೂ ಹೀಗೇ ಕೇಳಿಕೊಂಡು ಎರಡನೆಯವರನ್ನು ನಂಬಿದ್ದೆ. ಅದರಿಂದ ಒಂದು ಒಳ್ಳೇ ಪುಸ್ತಕ ಕೈತಪ್ಪಿತು.

ಆ ಪುಸ್ತಕ 1977ರ 'ಎ ಜಡ್ಜ್‌ಮೆಂಟ್ ಇನ್ ಸ್ಟೋನ್'. ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತ್ತು. ಶಿವಮೊಗ್ಗದ ರೈಲಿನಲ್ಲಿ ಕೂತು ತೆಗೆದೆ. ಯೂನಿಸ್ ಪಾರ್ಚ್‌ಮನ್ ಅನ್ನುವವಳು ಕವರ್‌ಡೇಲ್ ಕುಟುಂಬವನ್ನು ಕೊಂದಳು, ಯಾಕೆಂದರೆ ಅವಳಿಗೆ ಓದು ಬರಹ ಬರುತ್ತಿರಲಿಲ್ಲ ಅಂತ ಮೊದಲ ಸಾಲಲ್ಲೇ ಇದೆ. ಯಾರು, ಯಾರನ್ನು, ಯಾಕೆ, ಎಲ್ಲ ಮುಗಿಯಿತಲ್ಲ ಅನ್ನಿಸಿತು. ಫೋನ್ ತೆಗೆದು ಓದಿದವರು ಏನಂತಾರೆ ಅಂತ ನೋಡಿದೆ. ಮಧ್ಯದಲ್ಲಿ ಏನೂ ನಡೆಯುವುದಿಲ್ಲ, ಬರೀ ಮನೆಕೆಲಸದ ವಿವರ ಅಂತ ಯಾರೋ ಬರೆದಿದ್ದರು. ಬೀರೂರು ಬರುವಷ್ಟರಲ್ಲಿ ಪುಟ ಹಾರಿಸಲು ಶುರು ಮಾಡಿದ್ದೆ.

ಹೇಗೆ ಹಾರಿಸಿದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವೂ ಅದನ್ನೇ ಮಾಡುವ ಸಾಧ್ಯತೆ ಜಾಸ್ತಿ. ಯೂನಿಸ್ ಬೆಳ್ಳಿ ಪಾತ್ರೆ ಉಜ್ಜುತ್ತಿದ್ದರೆ ಹಾರಿಸಿದೆ. ತನ್ನ ಕೋಣೆಯಲ್ಲಿ ಟೀವಿ ನೋಡುತ್ತಿದ್ದರೆ ಹಾರಿಸಿದೆ. ಮನೆಯೊಡತಿ ಏನೋ ಚೀಟಿ ಬರೆದಿಟ್ಟು ಹೋಗುತ್ತಾಳೆ, ಅದರಲ್ಲೇನಿದೆ ಅಂತ ಹಾರಿಸಿದೆ. ಬಂದೂಕು ಎಲ್ಲಿ ಬರುತ್ತದೆ ಅಂತ ಹುಡುಕಿ, ಆ ಪುಟಗಳನ್ನು ಮಾತ್ರ ನಿಧಾನಕ್ಕೆ ಓದಿದೆ. ಆಮೇಲೆ ಪೊಲೀಸರು ಹೇಗೆ ಹಿಡಿದರು ಅಂತ ನೋಡಿದೆ. ಭದ್ರಾವತಿಗೆ ಪುಸ್ತಕ ಮುಗಿದಿತ್ತು. ಶಿವಮೊಗ್ಗದಲ್ಲಿ ಇಳಿಯುವ ಮೊದಲೇ ನಾನೂ ಎರಡು ಸ್ಟಾರ್ ಹಾಕಿ, ಸಸ್ಪೆನ್ಸ್ ಇಲ್ಲ ಅಂತ ಬರೆದೆ. ಓದದೇ ಇದ್ದ ಪುಸ್ತಕಕ್ಕೆ!

ಅದು ಅಡಿಕೆ ಕೊನೆ ಕೊಯ್ಲಿನ ಸಮಯ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ರಾತ್ರಿ ಊಟ ಆದಮೇಲೆ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಜಗಲಿಯಲ್ಲಿ ಅಡಿಕೆ ಸುಲಿಯಲು ಕೂರುತ್ತೇವೆ. ಬೆಳಗ್ಗೆ ಬೇಯಿಸಲು ಹಂಡೆಗೆ ಹಾಕಬೇಕು, ಹಾಗಾಗಿ ಯಾರೂ ಬೇಗ ಏಳುವ ಹಾಗಿಲ್ಲ. ನಿದ್ದೆ ಬಾರದಿರಲಿ ಅಂತ ಯಾರಾದರೂ ಕಥೆ ಹೇಳಬೇಕು. ಆ ರಾತ್ರಿ ನಾನು ಈ ಕಥೆ ಹೇಳಿದೆ. ಒಂದು ದೊಡ್ಡ ಮನೆ, ತುಂಬಾ ಪುಸ್ತಕ, ಓದು ಬಾರದ ಕೆಲಸದವಳು, ಆಮೇಲೆ ಕೊಲೆ. ಕೊಲೆಯ ಭಾಗವನ್ನಂತೂ ಚೆನ್ನಾಗೇ ಹೇಳಿದೆ. ನಮ್ಮ ಅತ್ತೆ ಕೈಯಲ್ಲಿದ್ದ ಅಡಿಕೆ ಸುಲಿದು ಬುಟ್ಟಿಗೆ ಹಾಕಿ ಕೇಳಿದರು: "ಅಲ್ಲ ಮಾರಾಯ, ಅವ್ಳಿಗೆ ಓದೋಕೆ ಬರಲ್ಲ ಅಂತ ಆ ಮನೆಯವ್ರಿಗೆ ಒಬ್ರಿಗೂ ಗೊತ್ತಾಗ್ಲಿಲ್ವಾ? ಒಂದೇ ಮನೇಲಿ ಇದ್ಕೊಂಡು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇದ್ದದ್ದು ನಾನು ಹಾರಿಸಿದ ಪುಟಗಳಲ್ಲಿ. ಅತ್ತೆ ಕೇಳಿದ್ದೇ ಇಡೀ ಕಾದಂಬರಿಯ ಪ್ರಶ್ನೆ, ಮತ್ತು ನಮ್ಮ ಅತ್ತೆಗೂ ಓದಲು ಬರುವುದಿಲ್ಲ.

ಮಾರನೇ ದಿನ ಅಟ್ಟದ ಮೇಲೆ ಕೂತು ಮೊದಲಿಂದ ಓದಿದೆ. ಆ ಚೀಟಿ ಇದೆಯಲ್ಲ, ಅದೇ ಒಂದು ಕೊಲೆಯಷ್ಟು ಭಯ ಹುಟ್ಟಿಸುತ್ತದೆ. ಬರೆದವಳಿಗೆ ಅದು ಸುಮ್ನೆ ಒಂದು ಕಾಗದದ ಚೂರು. ಯೂನಿಸ್‌ಗೆ ಅದು ತನ್ನ ಗುಟ್ಟು ಬಯಲಾಗುವ ಗಳಿಗೆ. ಕನ್ನಡಕ ಹತ್ತಿರ ಇಲ್ಲ ಅನ್ನುವ ನೆಪ ಬರುತ್ತದೆ, ಮನೆಯವರು ನಂಬುತ್ತಾರೆ. ಅವರು ಕೆಟ್ಟವರಲ್ಲ. ಮನೆ ಲಕಲಕ ಅನ್ನುತ್ತಿದೆ ಅನ್ನುವ ಖುಷಿಯಲ್ಲಿ ಅವಳ ಮುಖ ನೋಡುವುದನ್ನೇ ಮರೆತವರು. ಇಲ್ಲೊಬ್ಬರು ಸರಿಯಾಗಿ ಒಂದು ಮಾತು ಕೇಳಿದ್ದರೆ ತಪ್ಪುತ್ತಿತ್ತು, ಅಲ್ಲಿ ತಪ್ಪುತ್ತಿತ್ತು ಅಂತ ಓದುವಾಗ ಕೈ ಹಿಸುಕಿಕೊಳ್ಳುವ ಹಾಗಾಗುತ್ತದೆ. ಇವರೆಲ್ಲ ಸಾಯುತ್ತಾರೆ ಅಂತ ಮೊದಲೇ ಗೊತ್ತಿರುವುದರಿಂದಲೇ ಹಾಗಾಗುವುದು. ಆ ಮೊದಲ ಸಾಲು ಇಲ್ಲದಿದ್ದರೆ ಚೀಟಿ ಬರೀ ಚೀಟಿ.

ಆದರೆ ಅಷ್ಟು ಹೊತ್ತಿಗೆ ನನಗೆ ಬಂದೂಕಿನ ಪುಟವೂ ಗೊತ್ತು, ಸಿಕ್ಕಿಬಿದ್ದ ರೀತಿಯೂ ಗೊತ್ತು. ಲೇಖಕಿ ಹೇಳಬೇಕು ಅಂದುಕೊಂಡ ಕಡೆ ಹೇಳಿ, ತಡೆಯಬೇಕಾದ ಕಡೆ ತಡೆದು ಬರೆದಿದ್ದಾರೆ. ನಾನು ಆ ಕ್ರಮವನ್ನೇ ಮುರಿದಿದ್ದೆ. ಮೊದಲ ಓದು ಇನ್ನೊಂದು ಸಲ ಸಿಗುವುದಿಲ್ಲ. ಈಗಲೂ ಇದಕ್ಕೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಯಾರ ಅಭಿಪ್ರಾಯ ಸರಿ ಅಂತ ತೂಗಿ ನೋಡುವುದನ್ನೇ ಬಿಡಿ. ಬೋರು ಅಂದವರು ಸುಳ್ಳು ಹೇಳುತ್ತಿಲ್ಲ. ಅವರು ಪತ್ತೇದಾರಿ ಕಥೆ ಹುಡುಕಿಕೊಂಡು ಬಂದವರು. ಕೊಲೆ, ಸುಳಿವು, ಕೊನೆಯ ಪುಟದಲ್ಲಿ ಹೆಸರು. ಇಲ್ಲಿ ಅದು ಸಿಗುವುದಿಲ್ಲ. ನಮ್ಮ ಕಡೆ ಯಕ್ಷಗಾನದ ಗದಾಯುದ್ಧ ಪ್ರಸಂಗಕ್ಕೆ ಹೋಗಿ ಬೆಳಗಿನವರೆಗೆ ಕೂರುವವರಿಗೆ ಕೌರವನ ತೊಡೆ ಮುರಿಯುತ್ತದೆ ಅಂತ ಗೊತ್ತಿಲ್ವಾ? ಗೊತ್ತಿದ್ದೇ ಕೂರುತ್ತಾರೆ. ರೆಂಡೆಲ್ ಅವರನ್ನೂ ಹಾಗೆ ಓದಬೇಕು.

ಒಂದು ವಿಷಯದಲ್ಲಿ ನನಗೆ ಅವರ ಮೇಲೇ ಜಗಳ ಇದೆ. ಅದನ್ನು ಯಾರೂ ಸರಿಯಾಗಿ ಎತ್ತಿದ್ದು ನಾನು ನೋಡಿಲ್ಲ. ಓದು ಬಾರದಿರುವುದು ಒಂದು ಅಂಗವಿಕಲತೆ ಅನ್ನುವ ಧಾಟಿಯಲ್ಲಿ ಕಾದಂಬರಿ ಶುರುವಾಗುತ್ತದೆ. ಓದಿಲ್ಲದವಳಿಗೆ ಇನ್ನೊಬ್ಬರ ನೋವು ಊಹಿಸಿಕೊಳ್ಳುವ ಶಕ್ತಿಯೂ ಬರಲಿಲ್ಲ ಅನ್ನುವ ಹಾಗೆ ಮುಂದುವರಿಯುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಅತ್ತೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಪಕ್ಕದಲ್ಲಿರುವ ಹುಡುಗನನ್ನು "ಇದು ತೀರ್ಥಳ್ಳಿಗೆ ಹೋಗುತ್ತೇನೋ, ಬೋರ್ಡ್ ನೋಡಿ ಹೇಳು" ಅಂತ ಗಟ್ಟಿಯಾಗಿ ಕೇಳುವವರು. ತಾಳಮದ್ದಳೆಯಲ್ಲಿ ಭಾಗವತರು ಒಂದು ಪದ್ಯ ಬಿಟ್ಟರೆ ಮೊದಲು ಗೊತ್ತಾಗುವುದು ಅವರಿಗೆ. ಕರ್ಣನಿಗೆ ಅಳುತ್ತಾರೆ, ಕೌರವನಿಗೂ ಅಳುತ್ತಾರೆ. ಯೂನಿಸ್‌ಳನ್ನು ಹಾಳು ಮಾಡಿದ್ದು ಅಕ್ಷರ ಇಲ್ಲದ್ದಲ್ಲ, ಅದನ್ನು ಮುಚ್ಚಿಟ್ಟು ಬದುಕಬೇಕಾದ ನಾಚಿಕೆ. ಕಥೆ ಅದನ್ನೇ ತೋರಿಸುತ್ತದೆ. ಲೇಖಕಿ ನಡುವೆ ಬಂದು ಹೇಳುವ ಮಾತು ಮಾತ್ರ ಬೇರೆ. ಇಷ್ಟು ಜಗಳ ಆಡುವ ಹಾಗೆ ಮಾಡುವ ಪುಸ್ತಕ ಬೋರು ಹೇಗಾಗುತ್ತದೆ ಹೇಳಿ.

ಇನ್ನು ಡಾರ್ಕ್ ಅನ್ನುವುದು. ರಕ್ತದ ವರ್ಣನೆಗೆ ಹೆದರಿ ಕೇಳುತ್ತಿದ್ದರೆ ಚಿಂತೆ ಬೇಡ, ಅಂಥದ್ದು ಕಡಿಮೆ. ಕತ್ತಲು ಇರುವುದು ಮನುಷ್ಯರ ತಲೆಯೊಳಗೆ. 1976ರ 'ಎ ಡೀಮನ್ ಇನ್ ಮೈ ವ್ಯೂ' ಓದಿದರೆ ಗೊತ್ತಾಗುತ್ತದೆ. ನೆಲಮಾಳಿಗೆಯಲ್ಲಿ ಬಟ್ಟೆ ಅಂಗಡಿಯ ಗೊಂಬೆಯೊಂದನ್ನು ಇಟ್ಟುಕೊಂಡು, ಕೊಲ್ಲಬೇಕು ಅನ್ನಿಸಿದಾಗಲೆಲ್ಲ ಅದರ ಕತ್ತು ಹಿಸುಕಿ ಸಮಾಧಾನ ಮಾಡಿಕೊಳ್ಳುವ ಒಬ್ಬ ಶಿಸ್ತಿನ ಮನುಷ್ಯ. ಒಂದು ದಿನ ಆ ಗೊಂಬೆ ಇಲ್ಲವಾದರೆ? ಇದಕ್ಕೆ ಅಪರಾಧ ಕಾದಂಬರಿಗಳಿಗೆ ಕೊಡುವ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಬಂದಿದೆ. ಆದರೆ ಇದನ್ನೇ ಮೊದಲು ಹಿಡಿಯಬೇಡಿ.

ನನ್ನ ಕೇಳಿದರೆ 'ಜಡ್ಜ್‌ಮೆಂಟ್' ಇಂದಲೇ ಶುರು ಮಾಡಿ. ಚಿಕ್ಕ ಪುಸ್ತಕ. ಹಿಡಿಸಿದರೆ ಬಾರ್ಬರಾ ವೈನ್ ಅನ್ನುವ ಹೆಸರಲ್ಲಿ ಅವರೇ ಬರೆದ 1986ರ 'ಎ ಡಾರ್ಕ್-ಅಡಾಪ್ಟೆಡ್ ಐ' ತೆಗೆದುಕೊಳ್ಳಿ. ಅಲ್ಲೂ ವೆರಾ ಎಂಬ ಹೆಂಗಸಿಗೆ ಗಲ್ಲು ಆಗಿದೆ ಅಂತ ಆರಂಭದಲ್ಲೇ ತಿಳಿಯುತ್ತದೆ. ಗುಟ್ಟು ಇರುವುದು ಆ ಕುಟುಂಬದ ಒಳಗೆ. ಇದೇ ನನಗೆ ಎಲ್ಲಕ್ಕಿಂತ ಇಷ್ಟ. ನೆಂಟರ ಮನೆ ವಿಷಯ ಅರ್ಧ ಹೇಳಿ ಅರ್ಧ ನುಂಗುವ ದೊಡ್ಡವರ ನಡುವೆ ಬೆಳೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅವರದೇ ಇನ್‌ಸ್ಪೆಕ್ಟರ್ ವೆಕ್ಸ್‌ಫರ್ಡ್ ಸರಣಿ 1964ರಲ್ಲಿ ಶುರುವಾದದ್ದು. ಪೊಲೀಸ್ ತನಿಖೆ ಬೇಕು ಅನ್ನುವವರಿಗೆ ಅದು ಸರಿ, ನೀವು ಕೇಳಿದ್ದು ಅದಲ್ಲ.

ರೆಂಡೆಲ್ ಮೊದಲು ಪತ್ರಕರ್ತೆ. ಒಂದು ಕ್ಲಬ್ಬಿನ ಊಟದ ಕಾರ್ಯಕ್ರಮಕ್ಕೆ ಹೋಗದೇ ವರದಿ ಬರೆದರು. ಭಾಷಣ ಮಾಡುತ್ತಿದ್ದವರು ಮಧ್ಯದಲ್ಲೇ ತೀರಿಕೊಂಡಿದ್ದು ಅದರಲ್ಲಿ ಇರಲಿಲ್ಲ, ಕೆಲಸ ಬಿಡಬೇಕಾಯಿತು. ಇದನ್ನು ಓದಿದ ದಿನ ನನ್ನ ಎರಡು ಸ್ಟಾರ್ ಅಳಿಸಿದೆ.

ಪುಸ್ತಕ ಮುಗಿಯುವವರೆಗೆ ಯಾರ ಅಭಿಪ್ರಾಯವನ್ನೂ ತೆರೆಯಬೇಡಿ, ನನ್ನ ಈ ಉತ್ತರದ ಕೆಳಗಿನ ಕಾಮೆಂಟುಗಳನ್ನೂ ಸೇರಿಸಿ. ನಿರ್ದೇಶಕ ಕ್ಲೋಡ್ ಶಬ್ರೋಲ್ 1995ರಲ್ಲಿ 'ಜಡ್ಜ್‌ಮೆಂಟ್' ಕಥೆಯನ್ನು 'ಲಾ ಸೆರೆಮೊನಿ' ಅಂತ ಫ್ರೆಂಚ್‌ನಲ್ಲಿ ಸಿನಿಮಾ ಮಾಡಿದ್ದಾರೆ. ಅದನ್ನೂ ಓದಿದ ಮೇಲೇ ನೋಡಿ.