ಎಡ ಮಗ್ಗುಲಿಗೆ ಹೊರಳಿದರೆ ಸೂರು ತಿರುಗುತ್ತದೆ

ಪ್ರಶ್ನೆ: ಡಾಕ್ಟರೇ, ನನಗೆ 58 ವರ್ಷ, ತೀರ್ಥಹಳ್ಳಿ ಕಡೆಯವಳು. ತಿಂಗಳಿಂದ ಬೆಳಗಿನ ಜಾವ ಎಡ ಮಗ್ಗುಲಿಗೆ ಹೊರಳಿದರೆ ಸೂರು ಗರಗರ ತಿರುಗುತ್ತದೆ. ಅಟ್ಟದ ಡಬ್ಬಿಗೆ ಕತ್ತೆತ್ತಿದರೂ ಅಷ್ಟೇ. ಯಜಮಾನರು ಪಿತ್ತ ಎನ್ನುತ್ತಾರೆ. ಊರಿನ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೇನೆ. ಮಗ ಶಿವಮೊಗ್ಗದ ತಲೆಸುತ್ತಿನ ಕ್ಲಿನಿಕ್ಕಿನಲ್ಲಿ ಮಂಗಳವಾರಕ್ಕೆ ಹೆಸರು ಬರೆಸಿದ್ದಾನೆ. ಕಣ್ಣಿಗೆ ಏನೋ ಕಟ್ಟಿ ಮಲಗಿಸುತ್ತಾರಂತೆ, ಭಯವಾಗುತ್ತಿದೆ. ಹೇಗೆ ಸಿದ್ಧಳಾಗಲಿ?

ಉತ್ತರ: ಅಮ್ಮ, ಮಲೆನಾಡಿನಲ್ಲಿ ಪಿತ್ತದ ಮೇಲೆ ಹೊರಿಸಿದ ಅಪವಾದಗಳಿಗೆ ಲೆಕ್ಕವಿಲ್ಲ. ನೋಡದೆ ರೋಗದ ಹೆಸರು ಹೇಳಲಾರೆ. ಆದರೆ ‘ಎಡ ಮಗ್ಗುಲಿಗೆ ಹೊರಳಿದರೆ’ ಎಂದು ಬರೆದಿದ್ದೀರಲ್ಲ, ಅದನ್ನೇ ಅಲ್ಲಿಯೂ ಮೊದಲು ಹೇಳಿ. ಸಾಗರದ ಕಡೆಯ, ಅಡಿಕೆ ಗೊನೆ ಇಳಿಸುವ ಕೊನೆಗೌಡರೊಬ್ಬರು ದಪ್ಪ ಫೈಲು ಹೊತ್ತು ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು, ‘ಅಡಿಕೆ ಗೊನೆ ನೋಡಲು ಕತ್ತೆತ್ತಿದರೆ ಮಾತ್ರ ಹೀಗಾಗುತ್ತದೆ’ ಎಂದರು. ಆ ಫೈಲಿನಲ್ಲಿ ಇಲ್ಲದಿದ್ದದ್ದು ಅದೊಂದೇ!

ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳಿ: ಎಷ್ಟು ಹೊತ್ತು ತಿರುಗಿತು, ಏನು ಮಾಡುವಾಗ, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತೇ, ಕೇಳಿಸುವುದು ಮಂದವಾಯಿತೇ. ಒಂದು ನಿಮಿಷದೊಳಗೆ ನಿಲ್ಲುವುದಕ್ಕೂ ಗಂಟೆಗಟ್ಟಲೆ ಹಿಡಿಯುವುದಕ್ಕೂ ಕಾರಣ ಬೇರೆ. ಹೊರಳಿದಾಗ ಬರುವ ತಲೆಸುತ್ತಿಗೆ ಹೆಚ್ಚಾಗಿ ಕಾರಣ ಒಳಕಿವಿಯಲ್ಲಿ ಜಾಗ ತಪ್ಪಿದ ಸಣ್ಣ ಹರಳುಗಳು. ಸುಣ್ಣದ ಡಬ್ಬಿಯ ಅಂಚಿನಲ್ಲಿ ಒಣಗಿ ಗಟ್ಟಿಯಾಗುವುದೂ ಈ ಹರಳೂ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್.

ಕಣ್ಣಿಗೆ ಕಟ್ಟುವುದು ಕ್ಯಾಮೆರಾ ಇರುವ ಕನ್ನಡಕ. ಕಿವಿಯ ಏರುಪೇರು ಕಣ್ಣುಗುಡ್ಡೆಯ ಓಟದಲ್ಲಿ ಕಾಣುತ್ತದೆ. ಕತ್ತನ್ನು ಪಕ್ಕಕ್ಕೆ ತಿರುಗಿಸಿ ಸರಕ್ಕನೆ ಮಲಗಿಸಿದಾಗ ಸೂರು ತಿರುಗಿಯೇ ತಿರುಗೀತು. ಆಗ ಕಣ್ಣು ಮುಚ್ಚಬೇಡಿ, ಮುಚ್ಚಿದರೆ ನೋಡಬೇಕಾದದ್ದೇ ತಪ್ಪಿಹೋಗುತ್ತದೆ. ಅಂದು ಕಾಡಿಗೆ ಬೇಡ. ಕತ್ತು ನೋವಿದ್ದರೆ ಮೊದಲೇ ಹೇಳಿ. ಸೀರೆಯಾದರೆ ನೆರಿಗೆಗೆ ಪಿನ್ನು ಹಾಕಿಕೊಳ್ಳಿ. ಕೆಲವರಿಗೆ ಕಿವಿಗೆ ತಂಪು, ಬೆಚ್ಚನೆಯ ನೀರು ಬಿಟ್ಟೂ ನೋಡುತ್ತಾರೆ (30 ಮತ್ತು 44 ಡಿಗ್ರಿ). ಹಾಗಾಗಿ ಕಿವಿಗೆ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಹೋಗಬೇಡಿ.

ಮಾತ್ರೆಯ ವಿಷಯದಲ್ಲಿ ಎಚ್ಚರ. ಸುತ್ತು ತಡೆಯುವ ಮಾತ್ರೆ ಪರೀಕ್ಷೆಯಲ್ಲಿ ಕಾಣಬೇಕಾದ್ದನ್ನೂ ಮರೆಮಾಡಬಹುದು. ಅದನ್ನು ಎರಡು ದಿನ ಮೊದಲು ನಿಲ್ಲಿಸಬೇಕೇ ಎಂದು ಇಂದೇ ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ಮಾತ್ರೆಗಳನ್ನು ನೀವಾಗಿಯೇ ಬಿಡಬೇಡಿ. ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.

ಹಿಂದಿನ ದಿನದಿಂದ ಕಾಫಿ, ಟೀ ಬೇಡ. ಕೊತ್ತಂಬರಿ-ಜೀರಿಗೆ ಕಷಾಯ ಇದೆಯಲ್ಲ! ಕವಳವನ್ನೂ ಒಂದು ದಿನ ಬದಿಗಿಡಿ, ಹೊಗೆಸೊಪ್ಪು ಹಾಕುವವರಾದರಂತೂ ಖಂಡಿತ. ತೀರ್ಥಹಳ್ಳಿಯಿಂದ ಅರವತ್ತು ಕಿಲೋಮೀಟರ್ ದಾರಿ, ಹೊಟ್ಟೆ ತುಂಬ ತಿಂದು ಬಸ್ ಹತ್ತಬೇಡಿ. ಪರೀಕ್ಷೆಗೆ ಎರಡು ಗಂಟೆ ಮೊದಲು ಎರಡು ಇಡ್ಲಿ ಸಾಕು.

ಈ ನಡುವೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈಯೋ ಕಾಲೋ ಸೋತರೆ, ಒಂದು ವಸ್ತು ಎರಡಾಗಿ ಕಂಡರೆ ಮಂಗಳವಾರಕ್ಕೆ ಕಾಯಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ಇಲ್ಲವಾದರೆ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ. ಪರೀಕ್ಷೆಯ ನಂತರ ಸ್ವಲ್ಪ ಹೊತ್ತು ಕಾಲು ತೇಲಿದಂತಾಗುತ್ತದೆ, ಒಂಟಿಯಾಗಿ ಬಸ್ ಸ್ಟ್ಯಾಂಡಿಗೆ ನಡೆಯುವ ಸಾಹಸ ಬೇಡ.